ದೃಢೀಕರಣ ಸರ್ವರ್ ಎಲ್ಲಿರಬೇಕು?

(ಬಂಟ್ವಾಳ, ಬೆಳ್ತಂಗಡಿ ಹಾಗೂ ಮೂಡುಬಿದಿರೆ ತಾಲೂಕುಗಳ ಗ್ರಾಮ ಪಂಚಾಯತ್ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಅನೇಕ ಪಂಚಾಯತುಗಳನ್ನು ಒಂದೇ ಕೇಬಲ್ ಜಾಲಕ್ಕೆ ಜೋಡಿಸಿದಾಗ, ಯಾರು ಜಾಲದೊಳಗೆ ಬರಬಹುದು ಎಂಬುದನ್ನು ಪ್ರತಿಸಲವೂ ಪರಿಶೀಲಿಸಬೇಕಾಗುತ್ತದೆ. ಸಿಬ್ಬಂದಿ ಪಾಸ್‌ವರ್ಡ್ ನಮೂದಿಸಿದೊಡನೆ ಅದನ್ನು ಪರೀಕ್ಷಿಸಿ ಹೌದು ಅಥವಾ ಅಲ್ಲ ಎಂದು ಉತ್ತರಿಸುವ ಯಂತ್ರವೇ ದೃಢೀಕರಣ ಸರ್ವರ್. ಉತ್ತರ ಬಾರದಿದ್ದರೆ ಕಂಪ್ಯೂಟರ್, ವಿದ್ಯುತ್, ಸಿಬ್ಬಂದಿ ಎಲ್ಲವೂ ಇದ್ದರೂ ಕೆಲಸ ಆರಂಭವಾಗದು; 9/11 ದಾಖಲೆಗೆಂದು ಬಂದ ಗ್ರಾಮಸ್ಥರು ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಮತಗಟ್ಟೆಯಲ್ಲಿ ಮತದಾರರ ಪಟ್ಟಿ ಇರುವಂತೆ ಪ್ರತಿ ಪಂಚಾಯತಿನಲ್ಲಿಯೂ ಒಂದು ಸರ್ವರ್ ಇರಲಿ ಎಂಬ ಸಲಹೆ ಸಹಜವಾದುದು. ಆದರೆ ಮತದಾರರ ಪಟ್ಟಿ ಬಹಿರಂಗ ದಾಖಲೆ. ಪಾಸ್‌ವರ್ಡ್‌ಗಳ ಪಟ್ಟಿ ಗೋಪ್ಯ. ಅದರ ಪ್ರತಿಗಳು ಹೆಚ್ಚಿದಷ್ಟೂ ಕಳವಿಗೆ ಅವಕಾಶ ಹೆಚ್ಚುತ್ತದೆ. ವರ್ಗವಾದ ನೌಕರನ ಹೆಸರನ್ನು ಒಂದೆಡೆ ಅಳಿಸಿ ಮತ್ತೊಂದೆಡೆ ಮರೆತರೆ ಹಳೆಯ ಬೀಗದ ಕೈ ಅವನಲ್ಲಿಯೇ ಉಳಿದಂತಾಗುತ್ತದೆ. ಆದುದರಿಂದ ಸರ್ವರ್‌ಗಳು ಕೆಲವೇ ಇರಬೇಕು, ಭದ್ರವಾದ ಸ್ಥಳದಲ್ಲಿರಬೇಕು.

ಹಾಗಾದರೆ ದೂರದಿಂದ ವಿಳಂಬವಾಗದೇ? ಆಪ್ಟಿಕಲ್ ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಮಂಗಳೂರಿನಿಂದ ಸುಮಾರು 350 ಕಿ.ಮೀ. ದೂರದ ಬೆಂಗಳೂರಿಗೆ ಹತ್ತು ಬಾರಿ ಹೋಗಿ ಬಂದರೂ ಪ್ರಯಾಣದ ಅವಧಿ ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗವನ್ನೂ ಮುಟ್ಟದು. ನಿಜವಾದ ತೊಡಕು ದೂರವಲ್ಲ, ಕೇಬಲ್ ತುಂಡಾಗುವುದು.

ಇಲ್ಲಿ ಮೂರು ತಾಲೂಕುಗಳ ಭೂಗೋಳವನ್ನು ಗಮನಿಸಬೇಕು. ಮಂಗಳೂರಿನಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿ ಬಿ.ಸಿ.ರೋಡಿನ ಮೂಲಕವೇ ಸಾಗುತ್ತದೆ. ಕೇಬಲ್ ಕೂಡ ಅದೇ ರಸ್ತೆಯನ್ನು ಅನುಸರಿಸಿದರೆ ಮಂಗಳೂರು ಮತ್ತು ಬಿ.ಸಿ.ರೋಡ್ ನಡುವಿನ ಒಂದೇ ತುಂಡಿನಿಂದ ಬಂಟ್ವಾಳ, ಬೆಳ್ತಂಗಡಿಗಳೆರಡೂ ಕತ್ತಲಾಗುತ್ತವೆ. ಮೂಡುಬಿದಿರೆಯ ಹೆದ್ದಾರಿ ಪ್ರತ್ಯೇಕವಾದುದು. ಮೂಡುಬಿದಿರೆ, ವೇಣೂರು, ಗುರುವಾಯನಕೆರೆ ಮಾರ್ಗವಾಗಿ ಕೊಂಡಿ ಬೆಸೆದರೆ ವರ್ತುಲವೊಂದು ಪೂರ್ಣಗೊಂಡು, ಒಂದು ಬದಿ ಕಡಿದಾಗ ಇನ್ನೊಂದು ಬದಿಯಿಂದ ಉತ್ತರ ಬರುತ್ತದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಚಿವ ಸಂಪುಟ ಅನುಮೋದಿಸಿದ ಪರಿಷ್ಕೃತ ಭಾರತ್‌ನೆಟ್ ಯೋಜನೆಯೂ ತಾಲೂಕು ಮತ್ತು ಪಂಚಾಯತುಗಳ ನಡುವೆ ಇಂತಹ ವರ್ತುಲ ಜೋಡಣೆಯನ್ನೇ ಒಪ್ಪಿಕೊಂಡಿದೆ.

ಬೆಂಗಳೂರೊಂದನ್ನೇ ನಂಬುವುದೂ ಕ್ಷೇಮವಲ್ಲ. 2018ರ ಆಗಸ್ಟಿನಲ್ಲಿ ಶಿರಾಡಿ, 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿಗಳು ಭೂಕುಸಿತದಿಂದ ಮುಚ್ಚಿದ್ದುದನ್ನು ಸದಸ್ಯರು ಬಲ್ಲರು. ಆದುದರಿಂದ ಒಂದು ಸರ್ವರ್ ಘಟ್ಟದ ಮೇಲೆ ಬೆಂಗಳೂರಿನಲ್ಲಿ, ಮತ್ತೊಂದು ಘಟ್ಟದ ಕೆಳಗೆ ಮಂಗಳೂರಿನಲ್ಲಿ ಇರುವುದು ಯುಕ್ತ. ವರ್ತುಲ ಪೂರ್ಣಗೊಳ್ಳುವವರೆಗೆ ಮೂರನೆಯದಕ್ಕೆ ಬೆಳ್ತಂಗಡಿ ತಾಲೂಕು ಕೇಂದ್ರವನ್ನು ಪರಿಗಣಿಸಬಹುದು. ಜಾಲದ ದೂರದ ತುದಿ ಅದೇ. ಬೆಂಗಳೂರಿನಲ್ಲಿರುವ ತಂತ್ರಾಂಶ ಕೈಗೆಟುಕದ ದಿನವೂ ಆಗ ತಾಲೂಕಿನೊಳಗಿನ ಕಡತ ವ್ಯವಹಾರ ನಿಲ್ಲದು. ಆಧಾರ್ ದತ್ತಾಂಶ ಕೇಂದ್ರಗಳನ್ನು ಬೆಂಗಳೂರು ಮತ್ತು ಹರಿಯಾಣದ ಮಾನೇಸರ್, ಹೀಗೆ ಎರಡು ದೂರದ ಊರುಗಳಲ್ಲಿ ಇರಿಸಿರುವುದರ ಹಿಂದೆಯೂ ಇದೇ ತತ್ತ್ವವಿದೆ.

ಸರ್ವರಿನ ಸ್ಥಳವನ್ನು ತಜ್ಞರು ನಿರ್ಧರಿಸುತ್ತಾರೆ. ಅದರ ದಾರಿಯನ್ನು ಕಾಯುವುದು ಪಂಚಾಯತಿನ ಹೊಣೆ. ಕುಡಿಯುವ ನೀರಿನ ಪೈಪಿಗೋ ಚರಂಡಿಗೋ ರಸ್ತೆ ಅಗೆಯಲು ಅನುಮತಿ ನೀಡುವ ಮುನ್ನ ಕೇಬಲಿನ ನಕ್ಷೆಯನ್ನು ನೋಡಬೇಕು. ಜೆಸಿಬಿ ಇಳಿಯುವ ದಿನವನ್ನು ಕೇಬಲ್ ನಿರ್ವಹಿಸುವವರಿಗೆ ಮೊದಲೇ ತಿಳಿಸಬೇಕು. ಕಚೇರಿಯ ಫೈಬರ್ ಉಪಕರಣಕ್ಕೆ ಬ್ಯಾಟರಿ ಇದೆಯೇ ಎಂದು ಮಳೆಗಾಲಕ್ಕೆ ಮುಂಚೆಯೇ ಪರೀಕ್ಷಿಸಬೇಕು. ನಿವೃತ್ತರು ಹಾಗೂ ವರ್ಗವಾದವರ ಪ್ರವೇಶ ರದ್ದಾಗಿರುವುದನ್ನು ಸಾಮಾನ್ಯ ಸಭೆಯಲ್ಲಿ ಖಚಿತಪಡಿಸಿಕೊಳ್ಳಬೇಕು.

ಇಷ್ಟಾದರೂ ಜಾಲ ಕೈಕೊಡುವ ದಿನ ಬಂದೇ ಬರುತ್ತದೆ. ಅಂದು ಅರ್ಜಿಯನ್ನು ಕಾಗದದಲ್ಲಿ ಪಡೆದು, ದಿನಾಂಕ ಸಹಿತ ಸ್ವೀಕೃತಿ ನೀಡಿ, ಜಾಲ ಮರಳಿದೊಡನೆ ನಮೂದಿಸುವ ಕ್ರಮ ಪ್ರತಿ ಕಚೇರಿಯಲ್ಲಿಯೂ ಇರಲಿ. ಕೇಬಲ್ ಕಡಿದುದಕ್ಕೆ ಗ್ರಾಮಸ್ಥರ ಸರದಿ ತಪ್ಪಬಾರದು.