ಗರಡಿಯ ಹೊಸ್ತಿಲು, ಕರಾಟೆಯ ಅಂಗಳ



ಹುಬ್ಬಳ್ಳಿಯಿಂದ ಹಾವೇರಿಯತ್ತ ಸಾಗುವ ರೈಲುಹಾದಿಯಲ್ಲಿ ಯಲವಿಗಿ ಎಂಬ ಊರಿದೆ. ನನ್ನ ಬಾಲ್ಯ ಕಳೆದದ್ದು ಅಲ್ಲಿ. ಕಳೆದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅಕ್ಕನ ಮನೆಯ ಅಂಗಳದಲ್ಲಿ ಒಂದು ನೋಟವನ್ನು ಕಂಡೆ. ಅಕ್ಕನ ಮೊಮ್ಮಗಳು, ಹನ್ನೆರಡು ವರ್ಷದ ಹುಡುಗಿ, ಬಿಳಿಯ ಉಡುಪು ತೊಟ್ಟು, ನಡುವಿಗೆ ಹಳದಿ ಪಟ್ಟಿ ಬಿಗಿದು, ಗಾಳಿಯನ್ನು ಗುದ್ದುತ್ತಿದ್ದಳು. ಗುದ್ದಿಗೊಂದು ಕೂಗು. ಎಪ್ಪತ್ತನ್ನು ತಲುಪಿದ ಅಕ್ಕ ಕಟ್ಟೆಯ ಮೇಲೆ ಕುಳಿತು ಆ ಗುದ್ದುಗಳನ್ನು ಎಣಿಸುತ್ತಿದ್ದಳು.

ಜೀವಮಾನವಿಡೀ ಪಂಪ, ರನ್ನರನ್ನು ಪಾಠ ಹೇಳಿದವನಿಗೆ ಕರಾಟೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ಆ ಸಂಜೆ ನನ್ನನ್ನು ಕಾಡಿದ ಪ್ರಶ್ನೆ ಕರಾಟೆಯದಷ್ಟೇ ಆಗಿರಲಿಲ್ಲ. ಒಂದು ವಿದ್ಯೆ ಬೆಳೆಯಿತು, ಒಂದು ಸಂಸ್ಥೆ ಬೆಳೆಯಿತು ಎನ್ನುತ್ತೇವಲ್ಲ, ಆ ಬೆಳವಣಿಗೆಯನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂಬುದು ಆ ಪ್ರಶ್ನೆ.

ದೇಹವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ಕಲ್ಯಾಣದ ಚಾಳುಕ್ಯ ಅರಸ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲರ ಕಾಳಗಕ್ಕೆಂದೇ ಒಂದು ಭಾಗ ಮೀಸಲಾಗಿದೆ. ನಾನು ಹುಡುಗನಾಗಿದ್ದಾಗ ಕಂಡ ಗರಡಿ ಆ ಪರಂಪರೆಯ ಕಿರಿಯ ಕೂಸು. ಎಣ್ಣೆ, ಮಜ್ಜಿಗೆ, ಅರಿಸಿನ ಬೆರೆಸಿ ಹದಗೊಳಿಸಿದ ಕೆಂಪು ಮಟ್ಟಿ. ಗೋಡೆಗೆ ಹನುಮಂತನ ಪಟ. ಮೂಲೆಯಲ್ಲಿ ಕಲ್ಲಿನ ಗುಂಡು. ಹುಡುಗರಿಂದ ದಂಡ, ಬೈಠಕ್ ತೆಗೆಸುವ ವಸ್ತಾದರು. ಅಲ್ಲಿ ರಶೀದಿ ಪುಸ್ತಕವಿರಲಿಲ್ಲ, ಪ್ರಮಾಣಪತ್ರವಿರಲಿಲ್ಲ. ಆದರೆ ಒಂದು ಹೊಸ್ತಿಲಿತ್ತು. ಆ ಹೊಸ್ತಿಲನ್ನು ಹೆಣ್ಣುಮಕ್ಕಳು ದಾಟುವಂತಿರಲಿಲ್ಲ. ಬೇಸಿಗೆಯ ಬೆಳಗಿನಲ್ಲಿ ಅಕ್ಕ ಮಜ್ಜಿಗೆಯ ತಂಬಿಗೆಯನ್ನು ಅಲ್ಲಿಯ ತನಕ ತಂದು, ಹೊರಗಿನಿಂದಲೇ ನನ್ನನ್ನು ಕೂಗಿ, ಕೊಟ್ಟು ಹಿಂದಿರುಗುತ್ತಿದ್ದಳು.

ಅಕ್ಕ ನನಗಿಂತ ಜಾಣೆ. ಹೈಸ್ಕೂಲು ಮುಗಿಸಿದಾಗ ಕಾಲೇಜಿಗೆ ಹಾವೇರಿಗೆ ಹೋಗುವ ಆಸೆ ಅವಳದು. ಪ್ರಾಯದಲ್ಲಿ ಸಾಮು ಮಾಡಿದ ಅಪ್ಪ ಬೇಡವೆಂದರು. ಸಂಜೆಯ ಗಾಡಿ ತಡವಾದರೆ ಕತ್ತಲಾಗುತ್ತದೆ, ದಾರಿಯಲ್ಲಿ ಹೆಚ್ಚುಕಡಿಮೆಯಾದರೆ ಗತಿಯೇನು ಎಂಬುದು ಅವರ ವಾದ. ಎರಡು ವರ್ಷದ ಬಳಿಕ ಅದೇ ಗಾಡಿಯಲ್ಲಿ ನಾನು ಕಾಲೇಜಿಗೆ ಹೋದೆ. ದಾರಿ ಅದೇ, ಕತ್ತಲೆಯೂ ಅದೇ. ಮಗನನ್ನು ಗರಡಿಗೆ ಕಳುಹಿಸಿದ ಅಪ್ಪನಿಗೆ ಮಗಳಿಗೂ ಎರಡು ಪಟ್ಟು ಕಲಿಸಬಹುದೆಂದು ಹೊಳೆಯಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಹೊಳೆಯಲಿಲ್ಲ.

ಆ ಸಂಜೆಯ ನಂತರ ಕರಾಟೆಯ ಚರಿತ್ರೆಯನ್ನು ಹುಡುಕಿ ಓದಿದೆ. ನನಗೆ ಮೊದಲು ಸೋಜಿಗವೆನಿಸಿದ್ದು ಅದರ ಪ್ರಾದೇಶಿಕತೆ. ಜಪಾನಿನದೆಂದು ನಾವು ತಿಳಿದಿರುವ ಈ ವಿದ್ಯೆ ಮೂಲತಃ ಓಕಿನಾವಾ ದ್ವೀಪದ್ದು. ರ‍್ಯೂಕ್ಯೂ ಎಂಬ ಪ್ರತ್ಯೇಕ ರಾಜ್ಯದ ಕೇಂದ್ರವಾಗಿದ್ದ ಆ ದ್ವೀಪ ಜಪಾನಿನ ಪ್ರಾಂತವಾದದ್ದು 1879ರಲ್ಲಿ. ಗುರುವಿನ ಮನೆಯಂಗಳದಲ್ಲಿ ಒಬ್ಬಿಬ್ಬರು ಶಿಷ್ಯರಿಗೆ ಸದ್ದಿಲ್ಲದೆ ಒಲಿಯುತ್ತಿದ್ದ ವಿದ್ಯೆ ಅದು. ಇತೊಸು ಆಂಕೊ ಎಂಬ ಹಿರಿಯರು 1901ರಲ್ಲಿ ಅದನ್ನು ಶಾಲೆಯ ಅಂಗಳಕ್ಕೆ ತಂದರು. ಮಕ್ಕಳಿಗೆ ನಿಲುಕುವಂತೆ ಪಟ್ಟುಗಳ ಚಿಕ್ಕ ಸರಣಿಗಳನ್ನು ಹೆಣೆದರು. ಸಂಸ್ಥೆಯ ನಿಜವಾದ ಹುಟ್ಟು ಅಲ್ಲಿದೆ ಎಂಬುದು ನನ್ನ ಎಣಿಕೆ. ಆ ಹೊತ್ತಿಗೆ ಯಾವ ಸಂಘವನ್ನೂ ನೋಂದಾಯಿಸಿರಲಿಲ್ಲ. ಮೊದಲು ತೆರೆದದ್ದು ಒಂದು ಬಾಗಿಲು.

ಅವರ ಶಿಷ್ಯ ಫುನಾಕೊಶಿ ಗಿಚಿನ್ ವೃತ್ತಿಯಿಂದ ಶಾಲಾ ಮಾಸ್ತರರು. 1922ರಲ್ಲಿ ಟೋಕಿಯೋಗೆ ಹೋಗಿ ತಮ್ಮ ಪ್ರಾಂತದ ವಿದ್ಯೆಯನ್ನು ಪ್ರದರ್ಶಿಸಿದರು. ಜೂಡೋ ಕಟ್ಟಿದ ಕಾನೊ ಜಿಗೊರೊ ಅವರಿಗೆ ಆಸರೆಯಾದರು. ಬಿಳಿಯ ಉಡುಪು, ದರ್ಜೆ ಸೂಚಿಸುವ ನಡುಪಟ್ಟಿ, ಇವೆಲ್ಲ ಜೂಡೋದಿಂದ ಪಡೆದ ಕಡ. ಫುನಾಕೊಶಿ ಕವಿಯೂ ಹೌದು. ‘ಶೋತೊ’ ಎಂಬುದು ಅವರ ಕಾವ್ಯನಾಮ. ಪೈನ್ ಮರಗಳ ನಡುವೆ ಬೀಸುವ ಗಾಳಿಯ ಅಲೆ ಎಂಬುದು ಅದರ ಭಾವ. ಶಿಷ್ಯರು ತಮ್ಮ ಅಭ್ಯಾಸದ ಮನೆಗೆ ಆ ಹೆಸರಿನಿಂದಲೇ ‘ಶೋತೊಕಾನ್’ ಎಂದು ಕರೆದರು. ಇಂದು ನಮ್ಮ ಊರುಗಳ ಎಷ್ಟೋ ಮಕ್ಕಳು ಅರಿಯದೆಯೇ ಒಬ್ಬ ಕವಿಯ ಅಂಕಿತವನ್ನು ಎದೆಯ ಮೇಲೆ ಹೊತ್ತು ನಡೆಯುತ್ತಾರೆ.

ಇನ್ನು ಹೆಸರಿನ ಮಾತು. ‘ಕರ’ ಎಂಬ ಉಚ್ಚಾರಕ್ಕೆ ಮೊದಲು ಚೀನಾ ಎಂಬ ಅರ್ಥದ ಲಿಪಿಯನ್ನು ಬಳಸುತ್ತಿದ್ದರು. ‘ತೆ’ ಎಂದರೆ ಕೈ. 1936ರಲ್ಲಿ ಓಕಿನಾವಾದ ನಾಹಾ ಪಟ್ಟಣದಲ್ಲಿ ಸೇರಿದ ಗುರುಗಳು ‘ಬರಿದು’ ಎಂಬ ಅರ್ಥದ ಲಿಪಿಗೆ ಒಪ್ಪಿಗೆ ಕೊಟ್ಟರು. ಉಚ್ಚಾರ ಬದಲಾಗಲಿಲ್ಲ, ಅರ್ಥ ಬದಲಾಯಿತು. ಚೀನಾದ ಕೈ ಬರಿಗೈ ಆಯಿತು. ರಾಷ್ಟ್ರಾಭಿಮಾನ ಉಕ್ಕುತ್ತಿದ್ದ ಆ ಕಾಲದ ಒತ್ತಡ ಇದರ ಹಿಂದೆ ಇದ್ದಿತೆಂಬುದನ್ನು ಮರೆಯಲಾಗದು.

ಬೆಳೆದಂತೆ ಅದು ಕವಲೊಡೆಯಿತು. ಶೋತೊಕಾನ್, ಗೋಜು, ಶಿತೊ, ವಾಡೊ ಎಂಬ ನಾಲ್ಕು ಪಂಥಗಳು ಹೆಸರಾದವು. ಒಂದೇ ಸರಣಿಯನ್ನು ಒಬ್ಬರು ಮಾಡುವಂತೆ ಇನ್ನೊಬ್ಬರು ಮಾಡರು. ಹಸ್ತಪ್ರತಿಗಳೊಡನೆ ಹೆಣಗಿದ ನನಗೆ ಇದು ಪಾಠಾಂತರಗಳಂತೆ ತೋರುತ್ತದೆ. ಓಲೆಯಿಂದ ಓಲೆಗೆ ಇಳಿದ ಕಾವ್ಯದಲ್ಲಿ ಭೇದಗಳಿದ್ದರೆ ಅದು ಜನ ಓದಿದ ಕಾವ್ಯವೆಂದು ಅರ್ಥ. ಪ್ರತಿಯೊಬ್ಬ ಲಿಪಿಕಾರನೂ ತನ್ನದೇ ಮೂಲಪ್ರತಿಯೆಂದು ಜಗಳಕ್ಕೆ ನಿಂತಾಗ ಮಾತ್ರ ಕಾವ್ಯ ಹಿಂದೆ ಸರಿಯುತ್ತದೆ.

ಕರಾಟೆಯಲ್ಲಿ ಈ ಜಗಳ ಕಡಮೆಯೇನಲ್ಲ. 1949ರಲ್ಲಿ ಜಪಾನ್ ಕರಾಟೆ ಸಂಘ ಹುಟ್ಟಿತು. 1970ರಲ್ಲಿ ಟೋಕಿಯೋದಲ್ಲಿ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. 2020ರ ಹೆಸರಿನಲ್ಲಿ 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಕರಾಟೆಗೆ ಮೊದಲ ಬಾರಿ ಎಡೆ ದೊರೆಯಿತು. ಎಂಟು ಸ್ಪರ್ಧೆಗಳಲ್ಲಿ ನಾಲ್ಕು ಮಹಿಳೆಯರವು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಆ ಎಡೆ ಉಳಿಯಲಿಲ್ಲ. ನಮ್ಮ ದೇಶದಲ್ಲಿಯೂ ಒಳಜಗಳದ ಫಲವಾಗಿ 2020ರಲ್ಲಿ ಜಾಗತಿಕ ಒಕ್ಕೂಟವು ಭಾರತದ ಸದಸ್ಯ ಸಂಸ್ಥೆಯ ಮಾನ್ಯತೆಯನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. ದೊಡ್ಡವರ ವ್ಯಾಜ್ಯದಲ್ಲಿ ಕಂಗೆಡುವವನು ಸಣ್ಣ ಊರಿನ ಪಾಲಕ. ಈ ಪಟ್ಟಿ ಕೊಟ್ಟವರು ಯಾರು, ಈ ಪ್ರಮಾಣಪತ್ರ ಎಲ್ಲಿ ನಡೆದೀತು, ಪರೀಕ್ಷೆಯ ಶುಲ್ಕ ಯಾರ ಕೈ ಸೇರೀತು ಎಂಬುದು ಅವನಿಗೆ ತಿಳಿಯದು.

ಹಾಗಾದರೆ ಸಂಸ್ಥೆ ಬೇಡವೆ? ಬೇಕು. ಗರಡಿಗೆ ಸಂಘ, ನಿಯಮ ಇರಲಿಲ್ಲವೆಂದು ನಾವು ಹೊಗಳುತ್ತೇವೆ. ಆ ಕಾರಣಕ್ಕೇ ಅದರ ಹೊಸ್ತಿಲನ್ನು ಪ್ರಶ್ನಿಸುವ ತಾಣವೂ ಇರಲಿಲ್ಲ. 2021ರಲ್ಲಿ, ಅಂದು ಶಿಗ್ಗಾಂವಿಯ ಶಾಸಕರೂ ಆಗಿದ್ದ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರ ಕಾಲದಲ್ಲಿ, ವಿದ್ಯಾರ್ಥಿನಿಯರಿಗೆ ಆತ್ಮರಕ್ಷಣೆಯ ತರಬೇತಿಯನ್ನು ಸರಕಾರ ಆರಂಭಿಸಿದಾಗ ಅದಕ್ಕೆ ಚಿತ್ರದುರ್ಗದ ಓಬವ್ವನ ಹೆಸರನ್ನಿಟ್ಟಿತು. ಹೆಸರು ಯೋಗ್ಯವಾದುದೇ. ಆದರೆ ಕೆಲವು ವಾರಗಳ ಶಿಬಿರದಿಂದ ವಿದ್ಯೆ ಮೈಗೂಡದು. ವರ್ಷಗಟ್ಟಲೆ, ಸಂಜೆ ಸಂಜೆ, ಹತ್ತಿರದಲ್ಲಿಯೇ ಕಲಿಸುವ ಮನೆ ಬೇಕು. ಕಲಿಸುವವರ ಯೋಗ್ಯತೆ, ನಡತೆಗಳನ್ನು ವಿಚಾರಿಸುವವರು ಬೇಕು. ಕಲಿಯಲು ಬಂದ ಹುಡುಗಿ ಆ ಮನೆಯಲ್ಲಿಯೇ ನಿರ್ಭಯಳಾಗಿರಬೇಕು. ಸಂಸ್ಥೆಯ ಮೊದಲ ಧರ್ಮ ಇದು. ಪಟ್ಟಿಯ ಬಣ್ಣ ಆಮೇಲಿನ ಮಾತು.

ಹುಡುಗಿಗೆ ಗುದ್ದಲು ಕಲಿಸಿ ಕೈತೊಳೆದುಕೊಳ್ಳುವ ಹಕ್ಕೂ ನಮಗಿಲ್ಲ. ನಿಲ್ದಾಣದ ದಾರಿಗೆ ದೀಪ ಹಾಕಿಸುವುದು, ಮನೆಯ ಗಂಡುಮಕ್ಕಳಿಗೆ ನಡತೆ ಕಲಿಸುವುದು ನಮ್ಮ ಹೊಣೆ. ಕರಾಟೆ ಅವಳಿಗೆ ಕೊಡುವುದು ಬೇರೊಂದನ್ನು: ಕಾಲೂರಿ ನಿಲ್ಲುವ ಬಗೆ, ಕೊರಳೆತ್ತಿ ಕೂಗುವ ಬಗೆ. ನನ್ನ ಅಕ್ಕನಿಗೆ ಕಲಿಸಿದ್ದು ತಗ್ಗಿದ ದನಿಯನ್ನು.

ಆ ಸಂಜೆ ಅಭ್ಯಾಸ ಮುಗಿದ ಮೇಲೆ ಮೊಮ್ಮಗಳು ಅಜ್ಜಿಯ ಬಳಿ ಬಂದು, ಮುಷ್ಟಿ ಹಿಡಿದು ತೋರಿಸೆಂದಳು. ಅಕ್ಕ ಹೆಬ್ಬೆರಳನ್ನು ಒಳಗೆ ಮಡಿಸಿಕೊಂಡು ಹಿಡಿದಳು. ಹುಡುಗಿ ನಕ್ಕು, ಆ ಬೆರಳನ್ನು ಬಿಡಿಸಿ ಹೊರಗಿರಿಸಿ, ಮತ್ತೆ ಬಿಗಿಮಾಡಿಸಿದಳು. ಅಕ್ಕ ತನ್ನ ಕೈಯನ್ನು ಬಹಳ ಹೊತ್ತು ನೋಡುತ್ತಿದ್ದು, ನನ್ನತ್ತ ತಿರುಗಿ, “ಮುಷ್ಟಿ ಹಿಡಿಯಾಕೂ ಒಂದು ರೀತಿ ಐತಿ ಅಂತ ನನಗ ಯಾರೂ ಹೇಳಿರಲಿಲ್ಲ ನೋಡು ತಮ್ಮಾ” ಎಂದಳು.

ನನ್ನಲ್ಲಿ ಉತ್ತರವಿರಲಿಲ್ಲ. ಹುಡುಗಿ ಇನ್ನೊಂದು ಕೈಯನ್ನೂ ಹಿಡಿಯೆಂದಳು, ಅಕ್ಕ ಹಿಡಿದಳು.