ಒಂದು ಟ್ರ್ಯಾಕ್ಟರ್, ಎರಡು ಟ್ರೇಲರ್
(ಸಾಕ್ಷರತಾ ಕೇಂದ್ರವೊಂದರಲ್ಲಿ ಹಿರಿಯ ಟ್ರ್ಯಾಕ್ಟರ್ ಚಾಲಕರೊಬ್ಬರು ಆಡಿದ ಮಾತುಗಳು)





ನಾನು ಭಾಷಣ ಮಾಡುವವನಲ್ಲ. ಟ್ರ್ಯಾಕ್ಟರ್ ಹೊಡೆಯುವವನು. 1988ರಿಂದ 2016ರವರೆಗೆ ಕಬ್ಬು ಸಾಗಿಸಿದೆ. ಈಗ ನನ್ನ ಮಗ ಸಾಗಿಸುತ್ತಾನೆ.

ಮೊನ್ನೆ ನಿಮ್ಮ ಟೀಚರಮ್ಮ ನಮ್ಮ ಮನೆಗೆ ಬಂದಿದ್ದರು. "ಕಾಕಾ, ನಿಮ್ಮ ಕೆಲಸದ ಬಗ್ಗೆ ನಾಕು ಮಾತು ಹೇಳ್ರಿ" ಅಂದರು. "ಟ್ರ್ಯಾಕ್ಟರಿನ ಸುದ್ದಿ ಹೆಣ್ಣುಮಕ್ಕಳಿಗೆ ಯಾಕವ್ವ?" ಅಂದೆ. "ರಸ್ತೆದಾಗ ಹೆಣ್ಣುಮಕ್ಕಳು ಅಡ್ಡಾಡೂದಿಲ್ಲೇನ್ರಿ?" ಅಂತ ಕೇಳಿದರು. ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೇ ಬಂದೆ.

ನಮ್ಮ ಬೆಳಗಾವಿ, ಬಾಗಲಕೋಟೆ ಕಡೆ ದೀಪಾವಳಿ ಹೊತ್ತಿಗೆ ಕಬ್ಬು ನುರಿಸುವ ಹಂಗಾಮು ಶುರುವಾಗುತ್ತದೆ. ಆಮೇಲೆ ನಾಲ್ಕೈದು ತಿಂಗಳು ಹಗಲೂ ರಾತ್ರಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳೇ. ಮುಂದೆ ಒಂದು ಟ್ರ್ಯಾಕ್ಟರ್. ಹಿಂದೆ ಎರಡು ಟ್ರೇಲರ್. ಮೂರೂ ಸೇರಿ 45-50 ಅಡಿ ಉದ್ದ. ನೀವೆಲ್ಲ ನೋಡಿದ್ದೀರಿ. ಆದರೆ ಅದರ ಸೀಟಿನ ಮೇಲೆ ಕೂತವನಿಗೆ ಹೇಗಿರುತ್ತದೆ? ಅದನ್ನು ಹೇಳುತ್ತೇನೆ.

ಸೆರಗು ಹಿಡಿದ ಮಕ್ಕಳು

ಒಬ್ಬ ತಾಯಿ ಕೊಡ ಹೊತ್ತು ನಡೆದಿದ್ದಾಳೆ ಅಂತ ತಿಳಿಯಿರಿ. ಒಂದು ಮಗು ಆಕೆಯ ಸೆರಗು ಹಿಡಿದಿದೆ. ಆ ಮಗುವಿನ ಅಂಗಿಯನ್ನು ಇನ್ನೊಂದು ಮಗು ಹಿಡಿದಿದೆ. ತಾಯಿ ಮೆಲ್ಲಗೆ ನಡೆದರೆ ಇಬ್ಬರೂ ಹಿಂದೆ ಬರುತ್ತಾರೆ. ತಾಯಿ ಗಕ್ಕನೆ ತಿರುಗಿದರೆ ಏನಾಗುತ್ತದೆ? ಮೊದಲನೆಯ ಮಗು ಹೇಗೋ ತಿರುಗುತ್ತದೆ. ಕಡೆಯ ಮಗು ಗೋಡೆಗೆ ಹೋಗಿ ಬಡಿಯುತ್ತದೆ.

ನಮ್ಮ ಎರಡು ಟ್ರೇಲರೂ ಹೀಗೆಯೇ. ನಾನು ತಿರುಗಿಸುವುದು ಟ್ರ್ಯಾಕ್ಟರನ್ನು ಮಾತ್ರ. ಮೊದಲನೆಯ ಟ್ರೇಲರ್ ಟ್ರ್ಯಾಕ್ಟರಿನ ಮಾತು ಕೇಳುತ್ತದೆ. ಎರಡನೆಯದು ಮೊದಲನೆಯದರ ಮಾತು ಕೇಳುತ್ತದೆ. ನನ್ನ ಮಾತು ಅದಕ್ಕೆ ನೇರವಾಗಿ ಮುಟ್ಟುವುದೇ ಇಲ್ಲ.

ಇನ್ನು ಭಾರದ ಮಾತು. ಟ್ರ್ಯಾಕ್ಟರಿನ ತೂಕ 2 ಟನ್ನಿಗಿಂತ ಸ್ವಲ್ಪ ಹೆಚ್ಚು. ಎರಡು ಟ್ರೇಲರಿನಲ್ಲಿ ನಾನು ಹೇರುತ್ತಿದ್ದ ಕಬ್ಬು 20 ಟನ್ನಿಗೂ ಹೆಚ್ಚು. ಯಾಕೆ ಅಷ್ಟು ಹೇರುತ್ತಿದ್ದೆ? ನಮಗೆ ಕೂಲಿ ಸಿಗುವುದು ಟನ್ನಿನ ಲೆಕ್ಕದಲ್ಲಿ. ಎಷ್ಟು ಟನ್ನೋ ಅಷ್ಟು ದುಡ್ಡು. ಅದು ತಪ್ಪು ಅಂತ ಗೊತ್ತಿತ್ತು. ಗೊತ್ತಿದ್ದೂ ಹೇರುತ್ತಿದ್ದೆ.

ಈಗ ಒಂದು ಪ್ರಶ್ನೆ. ಇಷ್ಟು ಭಾರವನ್ನು ನಿಲ್ಲಿಸುವ ಬ್ರೇಕು ಎಲ್ಲಿದೆ? ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿಗಳಿಗೆ ಮಾತ್ರ! ನನ್ನ ಎರಡು ಟ್ರೇಲರಿಗೂ ಬ್ರೇಕು ಇರಲಿಲ್ಲ. ನಮ್ಮ ಕಡೆಯ ಬಹಳಷ್ಟು ಟ್ರೇಲರಿಗೆ ಇಲ್ಲ.

ಏರು ಬಂದರೆ ಹಿಂದಿನ ಭಾರ ಜಗ್ಗುತ್ತದೆ. ಟ್ರ್ಯಾಕ್ಟರಿನ ಮುಂದಿನ ಗಾಲಿ ನೆಲ ಬಿಟ್ಟು ಮೇಲೇಳುತ್ತದೆ. ಗಾಲಿ ಮೇಲೆದ್ದರೆ ಸ್ಟೀರಿಂಗ್ ತಿರುಗಿಸಿ ಏನು ಉಪಯೋಗ? ಇಳಿಜಾರು ಬಂದರೆ ಅದೇ ಭಾರ ಹಿಂದಿನಿಂದ ನೂಕುತ್ತದೆ. ಆಗ ಗಾಬರಿಯಿಂದ ಬ್ರೇಕು ಒತ್ತಿದರೆ ಟ್ರ್ಯಾಕ್ಟರ್ ಅಡ್ಡ ತಿರುಗುತ್ತದೆ. ಮಡಚುವ ಚಾಕುವಿನ ಹಾಗೆ ಮಡಚಿಕೊಳ್ಳುತ್ತದೆ. ಆದ್ದರಿಂದ ಇಳಿಜಾರು ಬರುವ ಮೊದಲೇ ಸಣ್ಣ ಗೇರಿಗೆ ಹಾಕಬೇಕು. ಎಂಜಿನ್ನೇ ಗಾಡಿಯನ್ನು ಹಿಡಿದು ಇಳಿಸಬೇಕು. ಕೆಲವರು ಡೀಸೆಲ್ ಉಳಿಯಲಿ ಅಂತ ನ್ಯೂಟ್ರಲ್ ಮಾಡುತ್ತಾರೆ. ಹಾಗೆ ಮಾಡಿದರೆ ಜೀವ ಉಳಿಯುವುದಿಲ್ಲ.

ಇನ್ನೊಂದು ಮಾತು. ಎರಡು ಟ್ರೇಲರ್ ಕಟ್ಟಿಕೊಂಡು ಹಿಂದಕ್ಕೆ ಬರಲು ಆಗುವುದಿಲ್ಲ. ಹಿಂದಕ್ಕೆ ತೆಗೆದುಕೊಂಡರೆ ಒಂದು ಎಡಕ್ಕೆ ಹೋಗುತ್ತದೆ, ಇನ್ನೊಂದು ಬಲಕ್ಕೆ ಹೋಗುತ್ತದೆ. ಒಂದನ್ನು ಬಿಚ್ಚಲೇಬೇಕು. ಹೀಗಾಗಿ ನಮಗೆ ಮುಂದೆ ಹೋಗುವುದೊಂದೇ ದಾರಿ. ಎದುರಿಗೆ ಯಾರೇ ಬರಲಿ, ಹಿಂದೆ ಸರಿದು ದಾರಿ ಬಿಡಲು ನಮ್ಮಿಂದ ಆಗುವುದಿಲ್ಲ.

1997ರ ಎಳ್ಳಮಾಸೆ

ಈಗ ಹೇಳುವುದು ನನ್ನದೇ ತಪ್ಪಿನ ಕಥೆ. ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ.

1997ರ ಜನವರಿ. ಎಳ್ಳಮಾಸೆಯ ದಿನ. ಊರವರೆಲ್ಲ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಬಂದಿದ್ದರು. ನನಗೆ ಹಬ್ಬವಿಲ್ಲ. ಫ್ಯಾಕ್ಟರಿಯಲ್ಲಿ ಪಾಳಿ ತಪ್ಪಬಾರದು ಅಂತ ರಾತ್ರಿ ಕಬ್ಬು ಹೇರಿಕೊಂಡು ಹೊರಟೆ. ಒಂಬತ್ತು ಗಂಟೆಯ ಹೊತ್ತಿಗೆ ಹಿಂದಿನ ಟ್ರೇಲರಿನ ಟೈರು ಒಡೆಯಿತು. ಅಮಾಸೆ ಕತ್ತಲು. ಹತ್ತಿರ ಊರಿಲ್ಲ.

ನಾನು ಏನು ಮಾಡಿದೆ? ಹಿಂದಿನ ಟ್ರೇಲರ್ ಬಿಚ್ಚಿದೆ. ಅದರ ಅರ್ಧ ರಸ್ತೆಯ ಮೇಲೇ ಇತ್ತು. ಸುತ್ತ ನಾಲ್ಕು ಕಲ್ಲು ಇಟ್ಟೆ. ಒಂದು ಹಿಡಿ ರವದಿ ಕಟ್ಟಿದೆ. ಅದಕ್ಕೆ ಹಿಂದಿನ ದೀಪ ಇರಲಿಲ್ಲ. ವೈರು ಹರಿದು ಎರಡು ವರ್ಷವಾಗಿತ್ತು. ಕೆಂಪು ರಿಫ್ಲೆಕ್ಟರೂ ಇರಲಿಲ್ಲ. ಕ್ಲೀನರ್ ಹುಡುಗನಿಗೆ "ಇಲ್ಲೇ ಕಾಯ್ಕೊಂಡಿರು" ಅಂದೆ. "ಥಂಡಿ ಐತಿ, ನಾನೂ ಬರ್ತೀನಣ್ಣ" ಅಂದ. ಆಗಲಿ ಬಾ ಅಂದೆ. ಒಂದು ಟ್ರೇಲರ್ ಜಗ್ಗಿಕೊಂಡು ಫ್ಯಾಕ್ಟರಿಗೆ ಹೋದೆವು.

ಬೆಳಗಿನ ಜಾವ ಸುದ್ದಿ ಬಂತು. ಮೊಪೆಡ್ಡಿನ ಮೇಲೆ ಬರುತ್ತಿದ್ದವನೊಬ್ಬ ನನ್ನ ಟ್ರೇಲರಿಗೆ ಹಿಂದಿನಿಂದ ಬಡಿದಿದ್ದ. ಅಲ್ಲಿಯೇ ಜೀವ ಹೋಗಿತ್ತು. ಅತ್ತೆಯ ಮನೆಯಲ್ಲಿ ಹಬ್ಬ ಮುಗಿಸಿ ಬರುತ್ತಿದ್ದನಂತೆ. ನಾನು ಹೋದಾಗ ರಸ್ತೆಯ ಮೇಲೆ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಚೆಲ್ಲಿದ್ದವು. ನಾನಿಟ್ಟ ಕಲ್ಲು ಇಟ್ಟಲ್ಲೇ ಇದ್ದವು.

ಪೊಲೀಸರು ನನ್ನನ್ನು ಕರೆದುಕೊಂಡು ಹೋದರು. ಕೇಸಾಯಿತು. ನಾಲ್ಕು ವರ್ಷ ಕೋರ್ಟಿಗೆ ಅಲೆದೆ. ಅದು ನನ್ನ ಪಾಲಿನದು. ಆದರೆ ಆ ಹೆಣ್ಣುಮಗಳ ಪಾಡು ಕೇಳಿ.

ಆಕೆಗೆ ಎರಡು ಸಣ್ಣ ಮಕ್ಕಳು. ಪರಿಹಾರಕ್ಕಾಗಿ ಅರ್ಜಿ ಹಾಕಿದಳು. ಟ್ರ್ಯಾಕ್ಟರಿಗೆ ವಿಮೆ ಇತ್ತು. ಟ್ರೇಲರಿನ ವಿಮೆ ಮುಗಿದು ಮೂರು ತಿಂಗಳಾಗಿತ್ತು. "ನಾವು ಕೊಡುವುದಿಲ್ಲ" ಅಂದಿತು ವಿಮಾ ಕಂಪನಿ. "ನನ್ನ ಹತ್ತಿರ ಎಲ್ಲಿಂದ ಬರಬೇಕು?" ಅಂದ ಮಾಲಕ. ಆರು ವರ್ಷ ಆಕೆ ತಾರೀಖಿಗೆ ತಾರೀಖಿಗೆ ಬಂದಳು. ತೋರಿಸಿದಲ್ಲಿ ಹೆಬ್ಬೆಟ್ಟು ಒತ್ತಿದಳು. ಕಾಗದದಲ್ಲಿ ಏನಿದೆ ಅಂತ ಆಕೆಗೆ ಗೊತ್ತಿಲ್ಲ. ಕಡೆಗೆ ಮಾಲಕ ಒಂದು ಎಕರೆ ಹೊಲ ಮಾರಿ ದುಡ್ಡು ಕೊಟ್ಟ. ಅದರಲ್ಲಿ ನಡುವಿನವರು ತಿಂದಿದ್ದೆಷ್ಟೋ, ಆಕೆಗೆ ಮುಟ್ಟಿದ್ದೆಷ್ಟೋ.

ಆ ವಿಮೆಯ ಕಾಗದ ಎಲ್ಲಿತ್ತು ಗೊತ್ತೇ? ನನ್ನ ಸೀಟಿನ ಕೆಳಗೇ ಇತ್ತು. ಮುಗಿಯುವ ತಾರೀಖು ಅದರ ಮೇಲೆ ಬರೆದಿತ್ತು. ದಿನಾ ಅದರ ಮೇಲೇ ಕೂತಿದ್ದೆ. ನನಗೆ ಓದಲು ಬರುತ್ತಿರಲಿಲ್ಲ. ಮಾಲಕನಿಗೆ ಬರುತ್ತಿತ್ತು, ಅವನು ನೋಡಲಿಲ್ಲ.

ಒಂದು ಸಲ ಕೋರ್ಟಿನ ಅಂಗಳದಲ್ಲಿ ಆ ಹೆಣ್ಣುಮಗಳು ನನ್ನ ಎದುರಿಗೆ ಬಂದಳು. ಬಯ್ಯಬಹುದು ಅಂತ ತಲೆ ತಗ್ಗಿಸಿ ನಿಂತೆ. ಬಯ್ಯಲಿಲ್ಲ. "ಒಂದು ಕಂದೀಲ ಹಚ್ಚಿಟ್ಟಿದ್ದರ ಸಾಕಿತ್ತಲ್ಲೋ ಯಣ್ಣಾ" ಅಂದಳು. ಅಷ್ಟೇ ಅಂದು ಹೋದಳು.

ಮರುವರ್ಷವೇ ನಾನು ರಾತ್ರಿ ಶಾಲೆಗೆ ಹೋದೆ. ಆಗ ನನಗೆ 34 ವರ್ಷ. ಅಕ್ಷರ ಬಂದ ಮೇಲೆ ನಾನು ಮೊದಲು ಓದಿದ್ದು ವಿಮೆಯ ಕಾಗದದ ತಾರೀಖು. ಆಮೇಲೆ ಕಂದೀಲು ಇಲ್ಲದೆ ಒಂದು ಖೇಪೂ ಹೋಗಲಿಲ್ಲ.

ಬೇರೆ ದೇಶದಲ್ಲಿ

ನನ್ನ ಮೊಮ್ಮಗಳು ಮೊಬೈಲಿನಲ್ಲಿ ಆಸ್ಟ್ರೇಲಿಯಾ ದೇಶದ ಲಾರಿ ತೋರಿಸಿದಳು. ಅದಕ್ಕೆ ಅಲ್ಲಿ "ರೋಡ್ ಟ್ರೇನ್" ಅನ್ನುತ್ತಾರೆ. ಅಂದರೆ ರಸ್ತೆಯ ಮೇಲಿನ ರೈಲು. ಒಂದೇ ಲಾರಿಗೆ ಮೂರು ಟ್ರೇಲರ್! 53 ಮೀಟರಿಗೂ ಹೆಚ್ಚು ಉದ್ದ. ಅಂದರೆ ಸುಮಾರು 175 ಅಡಿ. ದನಗಳನ್ನು, ಎಣ್ಣೆಯನ್ನು, ಅದಿರನ್ನು ದೂರದ ಊರುಗಳಿಗೆ ಸಾಗಿಸುತ್ತವೆ.

ನಾನು ಹೌಹಾರಿದೆ. "ಇದನ್ನ ನಿಲ್ಲಸೂದು ಹ್ಯಾಂಗವ್ವ?" ಅಂದೆ. ಆಕೆ ಓದಿ ಹೇಳಿದಳು. ಅಲ್ಲಿ ಪ್ರತಿ ಟ್ರೇಲರಿಗೂ ಅದರದೇ ಬ್ರೇಕು ಇರುತ್ತದೆ. ಲಾರಿಯಲ್ಲಿ ಬ್ರೇಕು ಒತ್ತಿದರೆ ಎಲ್ಲ ಟ್ರೇಲರಿನ ಬ್ರೇಕೂ ಹಿಡಿಯುತ್ತದೆ. ಹೊಡೆಯುವವರಿಗೆ ಬೇರೆ ಲೈಸೆನ್ಸು ಬೇಕು. "ರೋಡ್ ಟ್ರೇನ್" ಅಂತ ಹಿಂದೆ ಮುಂದೆ ದೊಡ್ಡ ಅಕ್ಷರದ ಫಲಕ ಹಾಕಲೇಬೇಕು. ಅಲ್ಲಿ ಹೆಣ್ಣುಮಕ್ಕಳೂ ಇದನ್ನು ಹೊಡೆಯುತ್ತಾರೆ.

ಹಾಗಾದರೆ ತಪ್ಪು ಎರಡು ಟ್ರೇಲರಿನದಲ್ಲ. ಬ್ರೇಕು ಇಲ್ಲದ್ದು, ದೀಪ ಇಲ್ಲದ್ದು, ಅಳತೆ ಮೀರಿ ಹೇರಿದ್ದು ತಪ್ಪು.

ನಿಮ್ಮ ಕೈಯಲ್ಲಿ ಇರುವುದು

"ಇದಕ್ಕೆ ನಾವೇನು ಮಾಡಬೇಕು?" ಅಂತ ನೀವು ಕೇಳಬಹುದು. ನಿಮ್ಮಿಂದ ಆಗುವುದು ಬಹಳ ಇದೆ.

ತಿರುವಿನಲ್ಲಿ ಟ್ರ್ಯಾಕ್ಟರ್ ಬಂದರೆ ಒಳಬದಿಗೆ ನಿಲ್ಲಬೇಡಿ. ಟ್ರ್ಯಾಕ್ಟರ್ ಹೊರಗಿನಿಂದ ಹೋದರೂ ಹಿಂದಿನ ಟ್ರೇಲರ್ ಒಳಗೆ ಸರಿಯುತ್ತದೆ. ಎರಡು ಟ್ರೇಲರಿನ ನಡುವಿನ ಸಂದಿಯಲ್ಲಿ ಎಂದೂ ದಾಟಬೇಡಿ.

ಮಕ್ಕಳು ಹಿಂದೆ ಓಡಿ ಕಬ್ಬು ಕಿತ್ತುಕೊಳ್ಳುತ್ತಾರೆ. ಚಾಲಕನಿಗೆ ಅದು ಕಾಣುವುದಿಲ್ಲ. ಟೇಪು ಜೋರಾಗಿ ಹಚ್ಚಿದ್ದರೆ ಕೂಗಿದರೂ ಕೇಳುವುದಿಲ್ಲ. ಮಕ್ಕಳಿಗೆ ಇದನ್ನು ತಿಳಿಸಿ ಹೇಳಿ.

ಕಬ್ಬು ಕಡಿಯಲು ಹೋಗುವ ತಂಗಿಯರೇ, ಸಂಜೆ ದಣಿದಿರುತ್ತೀರಿ. ಆದರೂ ಹೇರಿನ ಮೇಲೆ ಹತ್ತಿ ಕೂಡಬೇಡಿ. ಹೇರು ಉರುಳಿದರೆ ಮೊದಲು ನೀವೇ ಕೆಳಗೆ. ಅಂಥವರಿಗೆ ವಿಮೆ ಸಿಗುವುದೂ ಬಹಳ ಕಷ್ಟ.

ಮನೆಯಲ್ಲಿ ಟ್ರ್ಯಾಕ್ಟರ್ ಇದ್ದವರು ಕಾಗದ ತೆಗೆದು ಓದಿ. ಟ್ರ್ಯಾಕ್ಟರಿಗೂ ಟ್ರೇಲರಿಗೂ ಬೇರೆ ಬೇರೆ ನಂಬರು ಇರುತ್ತದೆ. ಎರಡಕ್ಕೂ ವಿಮೆ ಇದೆಯೇ? ಮುಗಿಯುವ ತಾರೀಖು ಯಾವುದು? ಟ್ರೇಲರಿನ ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ, ಮುಂದೆ ಬಿಳಿ ರಿಫ್ಲೆಕ್ಟರ್ ಇರಬೇಕು. ಧೂಳು ಮೆತ್ತಿದ್ದರೆ ಒರೆಸಿ. ಒಂದು ಹಳೆ ಬಟ್ಟೆ ಸಾಕು.

ಅಪಘಾತ ಕಂಡರೆ 108ಕ್ಕೆ ಅಥವಾ 112ಕ್ಕೆ ಫೋನ್ ಮಾಡಿ. ಸಹಾಯ ಮಾಡಿದರೆ ಪೊಲೀಸರ ಕಾಟ ಬರುತ್ತದೆ ಅಂತ ಅಂಜಬೇಡಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ಆಯಿತು. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರ ಮೇಲೆ ಕೇಸು ಹಾಕುವಂತಿಲ್ಲ. ನಿಮ್ಮ ಹೆಸರು ಹೇಳಲೇಬೇಕು ಅಂತ ಒತ್ತಾಯ ಮಾಡುವಂತಿಲ್ಲ.

ಯಾರಿಗಾದರೂ ನಷ್ಟವಾದರೆ, ಪರಿಹಾರದ ಅರ್ಜಿಯನ್ನು ಆರು ತಿಂಗಳ ಒಳಗೆ ಹಾಕಿ. ವಕೀಲರಿಗೆ ಕೊಡಲು ದುಡ್ಡಿಲ್ಲವೇ? ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ಅಲ್ಲಿ ವಕೀಲರ ನೆರವು ಪುಕ್ಕಟೆ. ನಿಮ್ಮ ಆದಾಯ ಎಷ್ಟು ಅಂತ ನೋಡುವುದಿಲ್ಲ. 1987ರ ಕಾಯ್ದೆಯಲ್ಲೇ ಇದು ಇದೆ. ಆ ಹೆಣ್ಣುಮಗಳಿಗೆ ಇದನ್ನು ಯಾರೂ ಹೇಳಲಿಲ್ಲ. ಆಗ ನನಗೂ ಗೊತ್ತಿರಲಿಲ್ಲ.

ಕಡೆಯ ಮಾತು. ನಿಮ್ಮ ಓಣಿಯಲ್ಲಿ ಟ್ರ್ಯಾಕ್ಟರ್ ಹೊಡೆಯುವ ಹುಡುಗರು ಇದ್ದಾರೆ. ನಿಮಗೆ ಮಗನೋ, ತಮ್ಮನೋ, ಮೈದುನನೋ ಆಗಬೇಕು. ಅವರಿಗೆ ನನ್ನಂಥವರ ಮಾತಿಗಿಂತ ನಿಮ್ಮ ಮಾತು ನಾಟುತ್ತದೆ. ರಾತ್ರಿ ಹೊರಟಾಗ ಬುತ್ತಿ ಕಟ್ಟಿ ಕೊಡುತ್ತೀರಲ್ಲ? ಆಗಲೇ ಕೇಳಿ: "ತಮ್ಮಾ, ಹಿಂದಿನ ದೀಪ ಹತ್ತತೈತೇನು?"

ನಮ್ಮ ಮನೆಯಲ್ಲಿ ನನ್ನ ಸೊಸೆ ದಿನಾ ಕೇಳುತ್ತಾಳೆ. ಮಗ ಒಮ್ಮೊಮ್ಮೆ ಸಿಡಿಮಿಡಿಗೊಳ್ಳುತ್ತಾನೆ. ಆದರೂ ಹಿಂದೆ ಹೋಗಿ ನೋಡಿ ಬರುತ್ತಾನೆ. ಆಮೇಲೆ ಗಾಡಿ ಹೊರಡುತ್ತದೆ.