ಹಾಸಿಗೆ ಹುಣ್ಣನ್ನು ತಡೆಗಟ್ಟಿರಿ



ಅಡಕೆ ಅಥವಾ ತೆಂಗಿನ ಮರದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಸ್ವಾಧೀನ ತಪ್ಪಿದವರು ನಮ್ಮ ಹಳ್ಳಿಗಳಲ್ಲಿದ್ದಾರೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರನ್ನು ಬಹಳವಾಗಿ ಪೀಡಿಸುವುದು ಹಾಸಿಗೆ ಹುಣ್ಣು. ಇದು ಹಣೆಬರಹವಲ್ಲ, ಬಹುಮಟ್ಟಿಗೆ ತಡೆಗಟ್ಟಬಹುದಾದ ತೊಂದರೆ.

ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದರೆ ನಮಗೆ ನೋವಾಗುತ್ತದೆ, ನಿದ್ದೆಯಲ್ಲಿಯೂ ಹೊರಳುತ್ತೇವೆ. ಸ್ಪರ್ಶಜ್ಞಾನವಿಲ್ಲದವರಿಗೆ ಆ ನೋವು ತಿಳಿಯದು. ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯದೆ ಅದು ಸಾಯುತ್ತದೆ. ಬೆನ್ನಿನ ಕೆಳತುದಿ, ಪೃಷ್ಠ, ಸೊಂಟದ ಪಕ್ಕ, ಹಿಮ್ಮಡಿ, ಇವೇ ಅಪಾಯದ ಸ್ಥಳಗಳು.

ಆದುದರಿಂದ ರೋಗಿಯ ಮಗ್ಗುಲನ್ನು ಹಗಲಿರುಳೂ ಸುಮಾರು 2 ಗಂಟೆಗೊಮ್ಮೆ ಬದಲಿಸಿರಿ. ಎಳೆದರೆ ಚರ್ಮ ತರಚುತ್ತದೆ, ಎತ್ತಿ ಸರಿಸಿರಿ. ಮೊಣಕಾಲುಗಳ ನಡುವೆ ದಿಂಬಿಡಿರಿ. ಮೀನಖಂಡದ ಕೆಳಗೂ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ನೋಡಿಕೊಳ್ಳಿರಿ. ಗಾಲಿಕುರ್ಚಿಯಲ್ಲಿ ಕುಳಿತವರು 15ರಿಂದ 30 ನಿಮಿಷಕ್ಕೊಮ್ಮೆ ಮುಂದಕ್ಕೆ, ಪಕ್ಕಕ್ಕೆ ಬಾಗಿ ಭಾರವನ್ನು ಬದಲಿಸಲಿ. ಮಲಮೂತ್ರದ ಒದ್ದೆಯನ್ನು ಕೂಡಲೇ ಶುಚಿಗೊಳಿಸಿ ಒಣಗಿಸಿರಿ. ಬೇಳೆ, ಮೊಳಕೆಕಾಳು, ಹಾಲು, ಮೊಟ್ಟೆ, ಸೊಪ್ಪು ಊಟದಲ್ಲಿರಲಿ.

ಬೆಳಿಗ್ಗೆ ಮತ್ತು ಸಂಜೆ ಮೈಯನ್ನು ಪರೀಕ್ಷಿಸಿರಿ. ಕೈಲಾಗುವವರು ಕನ್ನಡಿ ಹಿಡಿದು ತಾವೇ ನೋಡಿಕೊಳ್ಳಲಿ. ಚರ್ಮ ಕೆಂಪಾಗಿದ್ದು, ಬೆರಳಿನಿಂದ ಒತ್ತಿದರೂ ಕೆಂಪು ಮಾಸದಿದ್ದರೆ ಅದು ಹುಣ್ಣಿನ ಮೊದಲ ಗುರುತು. ಕಪ್ಪು ಮೈಯವರಲ್ಲಿ ಆ ಭಾಗ ಇನ್ನಷ್ಟು ಕಪ್ಪಾಗಿ, ಬಿಸಿಯಾಗಿ ಅಥವಾ ಗಟ್ಟಿಯಾಗಿ ಕಾಣಬಹುದು. ಅದರ ಮೇಲೆ ಭಾರ ಬೀಳಲು ಬಿಡಬೇಡಿರಿ. ಅದನ್ನು ತಿಕ್ಕಬೇಡಿರಿ, ಶಾಖ ಕೊಡಬೇಡಿರಿ.

ಚರ್ಮ ಒಡೆದರೆ ಬೂದಿ, ಸಗಣಿ, ಕಾಫಿಪುಡಿ ಹಚ್ಚಬಾರದು. ಕುದಿಸಿ ಆರಿಸಿದ ಉಪ್ಪುನೀರಿನಿಂದ ತೊಳೆದು, ಶುಭ್ರವಾದ ಬಟ್ಟೆಯಿಂದ ಮುಚ್ಚಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿರಿ. ದುರ್ವಾಸನೆ, ಕೀವು, ಕಪ್ಪಾದ ಮಾಂಸ ಅಥವಾ ಜ್ವರ ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಿರಿ. ನಂಜು ಎಲುಬಿಗೂ ರಕ್ತಕ್ಕೂ ಹರಡಿದರೆ ಪ್ರಾಣಕ್ಕೇ ಅಪಾಯ.

ಕೊನೆಯದಾಗಿ ಒಂದು ಮಾತು. ಈ ಆರೈಕೆಯೆಲ್ಲ ಮನೆಯ ಹೆಣ್ಣಿನದೇ ಕೆಲಸವೆಂದು ತಿಳಿಯುವುದು ತಪ್ಪು. ಹಗಲೆಲ್ಲ ದುಡಿದವಳು ರಾತ್ರಿಯೂ 2 ಗಂಟೆಗೊಮ್ಮೆ ಒಬ್ಬಳೇ ಏಳುತ್ತಿದ್ದರೆ ಎಷ್ಟು ದಿನ ತಾಳಿಯಾಳು? ಮಲಗಿರುವವರು ತಂದೆಯಾಗಲಿ, ತಮ್ಮನಾಗಲಿ, ರಾತ್ರಿಯ ಸರದಿಯನ್ನು ಗಂಡಹೆಂಡಿರು ಹಂಚಿಕೊಳ್ಳಿರಿ. ಮಲಗಿರುವವರು ನಿಮ್ಮಲ್ಲಿಯೇ ಒಬ್ಬರಾದರೆ ಮನೆಯ ಇತರರು ಹೆಗಲು ಕೊಡಲಿ. ನೋವನ್ನು ಹೇಳಲಾರದ ಚರ್ಮಕ್ಕೆ ನಿಮ್ಮ ಕಣ್ಣೇ ಕಾವಲು.